ಹುಳ ಬಂತು, ಲೈಟ್ ಆರಿಸಿ: ನಮ್ಮೂರಲ್ಲಿ ಓದೋ ಕಾಲ ಶುರುವಾಗೋದು ಹೀಗೆ

ಇದು ಈ ವಾರದ ಸಂಚಿಕೆಯ ಬರಹರೂಪ. ಬಸ್ಸಲ್ಲಿ ನಿಂತುಕೊಂಡು ಕೇಳೋಕೆ ಆಗದವರು ಓದಿಕೊಳ್ಳಬಹುದು. ನಾನು ತಡವರಿಸಿದ ಜಾಗಗಳನ್ನೆಲ್ಲ ತೆಗೆದಿದ್ದೇನೆ, ಅಪ್ಪನ ಮಾತನ್ನು ಮಾತ್ರ ಹೇಗಿತ್ತೋ ಹಾಗೇ ಬಿಟ್ಟಿದ್ದೇನೆ.

ಆಡಿಯೋ ಕೇಳಿದವರಿಗೆ ಹಿಂದೆ ಟಪ್ ಟಪ್ ಅನ್ನೋ ಸಣ್ಣ ಸದ್ದು ಕೇಳಿಸಿರಬೇಕು. ಮೈಕ್ ಕೆಟ್ಟಿಲ್ಲ. ಅದು ಹುಳ. ಸಿಂಧನೂರಿನ ಸುತ್ತ ಭತ್ತ ತೆನೆಗೆ ಬಂದು ಕಾಳು ಗಟ್ಟಿಯಾಗೋ ಹೊತ್ತಿಗೆ, ಅಂದರೆ ದಸರಾದಿಂದ ದೀಪಾವಳಿ ಆಚೀಚೆವರೆಗೆ, ಸಂಜೆ ದೀಪ ಹಚ್ಚಿದ ಕೂಡಲೇ ಗದ್ದೆ ಕಡೆಯಿಂದ ಸಣ್ಣ ಹಸಿರು ಹುಳಗಳು ಬರ್ತವೆ. ಕೃಷಿ ಇಲಾಖೆಯವರ ಭಾಷೆಯಲ್ಲಿ ಜಿಗಿಹುಳು. ಭತ್ತದ ರಸ ಹೀರೋ ಹುಳ, ಬೆಳಕು ಕಂಡ್ರೆ ತಡೆಯೋಕಾಗಲ್ಲ ಅದಕ್ಕೆ. ಬೀದಿ ದೀಪದ ಕೆಳಗೆ ಬೈಕ್ ಓಡಿಸಿದರೆ ಕಣ್ಣಿಗೆ, ಊಟಕ್ಕೆ ಕೂತರೆ ತಟ್ಟೆಗೆ, ಪುಸ್ತಕ ತೆರೆದರೆ ಅಕ್ಷರದ ಮೇಲೆ. ನಮ್ಮ ಮನೆಯಲ್ಲಿ ಈ ತಿಂಗಳು ಏಳು ಗಂಟೆಗೆಲ್ಲ ಲೈಟ್ ಆಫ್. ಫೋನ್ ಬೆಳಕಿಗೂ ಬರ್ತವೆ, ಅದಕ್ಕೇ ನಾನು ಸೊಳ್ಳೆ ಪರದೆಯೊಳಗೆ ಕೂತು ರೆಕಾರ್ಡ್ ಮಾಡ್ತೀನಿ.

ಕೇಳುಗರೊಬ್ಬರು ಮೆಸೇಜ್ ಹಾಕಿದ್ದರು: ಅಕ್ಕ, ಶರತ್ಕಾಲ ಬಂತು, ಇನ್‌ಸ್ಟಾದಲ್ಲೆಲ್ಲ ಕಂಬಳಿ, ಕಾಫಿ, ಪುಸ್ತಕ, ಒಣಗಿದ ಎಲೆ. ನಿಮ್ಮೂರಲ್ಲಿ ಹೇಗೆ? ಅಂತ. ಇಲ್ಲಿ ಹುಳ ತಮ್ಮಾ. ಕಂಬಳಿಯಲ್ಲ, ಸೊಳ್ಳೆ ಪರದೆ.

ಆದರೆ ಆ ಪ್ರಶ್ನೆ ತಲೇಲಿ ಉಳೀತು. ಯಾಕಂದ್ರೆ ನಿಜವಾಗಿಯೂ ನಮ್ಮ ಮನೆಯಲ್ಲಿ ಓದು ಶುರುವಾಗೋದು ಈ ಕಾಲದಲ್ಲೇ. ಅದಕ್ಕೆ ಕಾರಣ ಹವಾಮಾನ ಸ್ವಲ್ಪ, ದುಡ್ಡು ಸ್ವಲ್ಪ, ಅಪ್ಪ ಬಹಳ.

ಮೊದಲು ಕಾಲದ ಲೆಕ್ಕ ನೋಡೋಣ. ಎಲೆ ಉದುರೋದನ್ನು ಶರತ್ಕಾಲ ಅಂತ ನಾವು ಕಲಿತದ್ದು ಇಂಗ್ಲಿಷ್ ಪಾಠದಲ್ಲಿ. ನಮ್ಮ ಕಡೆ ಎಲೆ ಉದುರೋದು ಚಳಿ ಮುಗಿಯೋ ಹೊತ್ತಿಗೆ, ಶಿಶಿರದಲ್ಲಿ. ಪಂಚಾಂಗದ ಶರದೃತು ಅಂದ್ರೆ ಆಶ್ವಯುಜ, ಕಾರ್ತಿಕ ಎರಡು ತಿಂಗಳು. ಮುಂಗಾರು ವಾಪಸ್ ಹೋಗ್ತಾ ಇರುತ್ತೆ, ಹಿಂಗಾರು ಬರ್ತಾ ಇರುತ್ತೆ. ರೈತರು ಋತು ಅನ್ನಲ್ಲ, ಮಳೆ ಹೆಸರು ಹೇಳ್ತಾರೆ: ಉತ್ತರಿ ಹೋತು, ಹಸ್ತಿ ಆತು, ಚಿತ್ತಿ ನಡದೈತಿ, ಇನ್ನ ಸ್ವಾತಿ. ಎಲ್ಲದಕ್ಕಿಂತ ಮುಖ್ಯ, ಆರು ಗಂಟೆಗೇ ಕತ್ತಲಾಗೋಕೆ ಶುರು. ಬೇಸಿಗೆಯಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಪುಸ್ತಕ ಹಿಡಿದರೆ ಬೆವರಿಗೆ ಪುಟ ಅಂಟಿಕೊಳ್ಳುತ್ತೆ. ಏಪ್ರಿಲ್‌ನಲ್ಲಿ ಕಾದಂಬರಿ ಓದ್ತೀನಿ ಅನ್ನೋರನ್ನು ನಾನು ನಂಬಲ್ಲ.

ಇನ್ನು ನನ್ನ ದಿನ. ನಾನು ಓದಿದ್ದು ಬಿಕಾಂ. ಹೊಟ್ಟೆಪಾಡಿಗೆ ಸಣ್ಣ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ತುಂಬ್ತೀನಿ. ಸಿಂಧನೂರಲ್ಲಿ ಕೆಲವು ಅಂಗಡಿ, ಮಸ್ಕಿಯಲ್ಲಿ ಒಂದೆರಡು, ಲಿಂಗಸುಗೂರಲ್ಲಿ ಮೂರು. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಅದರ ನಡುವೆ ನನ್ನನ್ನು ಪುಸ್ತಕಪ್ರೇಮಿ ಅಂತ ಯಾರಾದರೂ ಕರೆದರೆ ನಗು ಬರುತ್ತೆ. ಆ ಹತ್ತು ದಿನ ನಾನು ಓದೋದು ಖರೀದಿ ಬಿಲ್ಲು ಮಾತ್ರ. 20 ದಾಟಿದ ಮೇಲೆ ಮನುಷ್ಯಳಾಗ್ತೀನಿ.

ನನ್ನ ನಿಜವಾದ ಓದೋ ಕೋಣೆ ಅಂದ್ರೆ ಸಿಂಧನೂರು–ಲಿಂಗಸುಗೂರು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಅವತ್ತಿನಿಂದ ನನ್ನ ಕೈಗೆ ಸಿಗೋದು ಸೊನ್ನೆ ರೂಪಾಯಿ ಟಿಕೆಟ್. ಕಾಮರ್ಸ್ ಬುದ್ಧಿ ಬಿಡಲ್ಲ ನೋಡಿ, ಉಳಿದ ಬಸ್ ಚಾರ್ಜನ್ನು ಒಂದು ಡಬ್ಬಿಗೆ ಹಾಕೋಕೆ ಶುರು ಮಾಡಿದೆ. ತಿಂಗಳಿಗೆ ಎರಡು ಪುಸ್ತಕದ ದುಡ್ಡು ಆಗುತ್ತೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅನ್ನೋದೂ ಒಂದು ಸಮಾಧಾನ. ಆ ಡಬ್ಬಿ ದುಡ್ಡಲ್ಲಿ ಕೊಂಡ ಮೊದಲ ಪುಸ್ತಕ ನಮ್ಮ ಜಿಲ್ಲೆಯವರೇ ಆದ ಅಮರೇಶ ನುಗಡೋಣಿಯವರ ಕಥೆಗಳು. ಅವರ ‘ಸವಾರಿ’ ಕಥೆ ಮೇಲೆಯೇ ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಸಿನಿಮಾ ಮಾಡಿದ್ದು. ನಮ್ಮ ಕಡೆ ಮಾತು ಅಚ್ಚಿನಲ್ಲಿ ನೋಡಿದಾಗ ಆಗೋ ಖುಷಿ ಇದೆಯಲ್ಲ, ಬೆಂಗಳೂರು–ಮೈಸೂರಿನ ಓದುಗರಿಗೆ ಅದು ಅರ್ಥವಾಗೋದು ಕಷ್ಟ. ಅವರಿಗೆ ಅದು ದಿನಾ ಸಿಗುತ್ತೆ.

ಕಿಟಕಿ ಪಕ್ಕ ಸೀಟು ಸಿಕ್ಕರೆ ಓದಿಗೆ ಭಂಗ. ಸಿಂಧನೂರು ಬಿಟ್ಟ ಸುಮಾರು ದೂರ ಎರಡೂ ಕಡೆ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಎಲ್ಲೆಲ್ಲಿ ಮುಟ್ಟುತ್ತೋ ಅಲ್ಲೆಲ್ಲ ಹಸಿರು ಈಗ ಹಳದಿಗೆ ತಿರುಗ್ತಿದೆ. ಮಸ್ಕಿ ದಾಟಿ ಲಿಂಗಸುಗೂರು ಕಡೆ ಹೋದಂಗೆ ನೆಲವೇ ಬದಲು: ತೊಗರಿ, ಹತ್ತಿ, ಅಲ್ಲಲ್ಲಿ ಎರೆಹೊಲದಲ್ಲಿ ಬಿಳಿಜೋಳ ಬಿತ್ತಿದ ಸಾಲು. ಒಂದೇ ರಸ್ತೆಯಲ್ಲಿ ಒಂದು ಕಡೆ ಕೊಯ್ಲಿಗೆ ತಯಾರಿ, ಇನ್ನೊಂದು ಕಡೆ ಬಿತ್ತನೆ. ಈ ಎರಡು ಥರದ ಶರತ್ಕಾಲದ ನಡುವೆ ಮಸ್ಕಿ.

2024ರ ಶರತ್ಕಾಲ ಮಾತ್ರ ಯಾರೂ ಏನೂ ಓದಲಿಲ್ಲ ಅನ್ನಬಹುದು. ಆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಕೊಂಡು ಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು, ಮತ್ತೆ ನೀರು ತುಂಬಿತು ಅನ್ನಿ. ಆದರೆ ಅಷ್ಟರಲ್ಲಿ ಇಡೀ ಊರಿಗೆ ಒಂದು ಚಟ ಹಿಡಿದಿತ್ತು: ಪೇಪರ್ ತೆರೆದು ಡ್ಯಾಮಿನ ನೀರಿನ ಮಟ್ಟ, ಒಳಹರಿವು, ಹೊರಹರಿವು ಓದೋದು. ಅಪ್ಪ ಓದಿದ ಕೊನೆಯ ಅಕ್ಷರಗಳು ಬಹುಶಃ ಅವೇ ಇರಬೇಕು. ಅಂದ್ರೆ, ಸ್ವಂತ ಕಣ್ಣಿನಿಂದ ಓದಿದವು.

ಅಪ್ಪನ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಅಪ್ಪನಿಗೆ ಏಕವಚನವೇ, ಬಹುವಚನದಲ್ಲಿ ಕರೆದರೆ ಮುನಿಸಿಕೊಂಡಿದ್ದೀವಿ ಅಂತ ಅರ್ಥ. ಅಪ್ಪ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಮೂವತ್ತು ವರ್ಷ ಕಿರ್ದಿ, ಖತಾವಣಿ ಬರೆದ. ಕಂಪ್ಯೂಟರ್ ಬಂದ ಮೇಲೂ ಸಾಹುಕಾರ್ರು ಒಂದು ಪ್ರತಿ ಅಪ್ಪನ ಕೈಯಲ್ಲೇ ಬರೆಸುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ದೀಪಾವಳಿಗೆ ಅಂಗಡಿ ಪೂಜೆ ಮುಗಿದು ಹೊಸ ಕಿರ್ದಿ ಪುಸ್ತಕಕ್ಕೆ ಕುಂಕುಮ ಹಚ್ಚಿ ಬೋನಸ್ ಕವರ್ ಕೈಗೆ ಬಂದರೆ, ಅಪ್ಪ ಮನೆಗೆ ಸೀದಾ ಬರ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ಹೋಗಿ ದೀಪಾವಳಿ ವಿಶೇಷಾಂಕ ತರ್ತಿದ್ದ. ಒಂದೊಂದು ವರ್ಷ ಎರಡು. ಅವ್ವ ಬೈಯೋಳು, ಪಟಾಕಿಗೆ ದುಡ್ಡಿಲ್ಲ ಅಂತೀಯ, ಇದಕ್ಕೈತೇನು ಅಂತ.

ಅದೇ ನನ್ನ ಶರತ್ಕಾಲ. ಆ ದಪ್ಪ ಪುಸ್ತಕದ ವಾಸನೆ, ನಡುವೆ ಚಿನ್ನದಂಗಡಿ, ಸೀರೆ ಅಂಗಡಿ ಜಾಹೀರಾತು, ಆಮೇಲೆ ಕಥೆ. ಅಪ್ಪ ಮೊದಲು ಓದೋದು ಕಥಾಸ್ಪರ್ಧೆಯಲ್ಲಿ ಗೆದ್ದ ಕಥೆ. ಅದನ್ನು ಕಿರ್ದಿ ತಾಳೆ ನೋಡಿದಂಗೆ ಬೆರಳಿಟ್ಟು ಓದೋನು. ಆಮೇಲೆ ತೀರ್ಪು: "ಎರಡನೇದಕ್ಕ ಮೊದಲ ಬಹುಮಾನ ಕೊಡಬೇಕಾಗಿತ್ತು."

ಈ ವಿಶೇಷಾಂಕ ಅನ್ನೋದು ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಭಾರತದಲ್ಲಿ ಹಬ್ಬದ ಹೊತ್ತಿಗೆ ಕಥೆ ಕೊಂಡು ಓದೋ ಅಭ್ಯಾಸ ಹಲವು ಕಡೆ ಗಟ್ಟಿಯಾಗಿದೆ. ಬಂಗಾಳದಲ್ಲಿ ದುರ್ಗಾ ಪೂಜೆಗೆ ಪತ್ರಿಕೆಗಳ ಶಾರದೀಯ ಸಂಚಿಕೆಗಳು ಬರ್ತವೆ. ದೊಡ್ಡ ದೊಡ್ಡ ಲೇಖಕರ ಕಾದಂಬರಿ ಇಡಿಯಾಗಿ ಅದರಲ್ಲೇ ಮೊದಲು ಅಚ್ಚಾಗಿದ್ದಿದೆ. ಮರಾಠಿಯಲ್ಲಿ ‘ದಿವಾಳಿ ಅಂಕ’. 1909ರಲ್ಲಿ ಕಾಶೀನಾಥ ರಘುನಾಥ ಮಿತ್ರ ಅನ್ನೋ ಸಂಪಾದಕರು ತಮ್ಮ ‘ಮನೋರಂಜನ’ ಮಾಸಿಕದಿಂದ ಮೊದಲನೆಯದನ್ನು ತಂದರು. ಈಗಲೂ ಮಹಾರಾಷ್ಟ್ರದಲ್ಲಿ ಪ್ರತಿ ವರ್ಷ ನೂರಾರು ದಿವಾಳಿ ಅಂಕ ಬರ್ತವೆ. ನಮ್ಮಲ್ಲಿ ಪ್ರಜಾವಾಣಿ, ಉದಯವಾಣಿ, ಕರ್ಮವೀರ ಹೀಗೆ ದೀಪಾವಳಿ ವಿಶೇಷಾಂಕಗಳು. ಪ್ರಜಾವಾಣಿಯ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂತು ಅಂದ್ರೆ ಹೊಸ ಕಥೆಗಾರರಿಗೆ ಇವತ್ತಿಗೂ ಅದೊಂದು ದೊಡ್ಡ ಬಾಗಿಲು.

ಯಾಕೆ ಈ ಕಾಲದಲ್ಲೇ? ಕಾಮರ್ಸ್ ಪ್ರಕಾರ ಉತ್ತರ ಸರಳ. ಮುಂಗಾರು ಬೆಳೆ ಕೈಗೆ ಬರೋ ಕಾಲ, ಬೋನಸ್ ಬರೋ ಕಾಲ, ವ್ಯಾಪಾರಿಗಳು ಜಾಹೀರಾತಿಗೆ ಕೈ ಬಿಚ್ಚೋ ಕಾಲ. ಆ ಚಿನ್ನದಂಗಡಿ ಜಾಹೀರಾತು ಕಥೆಗಾರರ ಸಂಭಾವನೆ. ಚಿಕ್ಕವಳಿದ್ದಾಗ ಆ ಪುಟಗಳನ್ನು ಹಾರಿಸ್ತಿದ್ದೆ. ಈಗ ಮೊದಲು ಅದನ್ನೇ ಎಣಿಸ್ತೀನಿ. ಜಾಹೀರಾತು ಕಡಿಮೆಯಾದರೆ ನನಗೆ ಭಯ ಆಗುತ್ತೆ.

ಬಂಗಾಳದ ಮಾತು ಬಂತಲ್ಲ, ಅದಕ್ಕೆ ನಾನು ಕೋಲ್ಕತ್ತಾಗೆ ಹೋಗಬೇಕಾಗಿಲ್ಲ. ಸಿಂಧನೂರು ತಾಲೂಕಿನಲ್ಲೇ ಆರ್.ಎಚ್. ಕ್ಯಾಂಪುಗಳಿವೆ. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಶುರುವಿನಲ್ಲಿ ಸರ್ಕಾರ ಇಲ್ಲಿ ಪುನರ್ವಸತಿ ಕೊಟ್ಟಿತು. ಸುತ್ತಮುತ್ತ ಬನ್ನಿ ಮುಡಿಯೋ ದಿನಗಳಲ್ಲೇ ಅಲ್ಲಿ ದುರ್ಗಾ ಪೂಜೆ ಪೆಂಡಾಲು, ಢಾಕ್ ಸದ್ದು. ನನ್ನ ಕಾಲೇಜು ಗೆಳತಿ ಆ ಕ್ಯಾಂಪಿನವಳು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ನನ್ನ ಜೊತೆ ಅಪ್ಪಟ ಸಿಂಧನೂರು ಭಾಷೆ. ಅವರ ಅಜ್ಜ ಬರುವಾಗ ತಂದ ಒಂದು ಬಂಗಾಳಿ ಪುಸ್ತಕ ಮನೆಯಲ್ಲಿದೆ, ರಟ್ಟು ಹೋಗಿದೆ. ಗೆಳತಿಗೆ ಆ ಭಾಷೆ ನೀರು ಕುಡಿದಂಗೆ ಬರುತ್ತೆ, ಲಿಪಿ ಬರಲ್ಲ. ಅಜ್ಜ ಇದ್ದಾಗ ಅವರು ಓದೋರು, ಇವಳು ಕೇಳೋಳು. ಅಜ್ಜ ಹೋದ ಮೇಲೆ ಪುಸ್ತಕ ಮುಚ್ಚಿತು. ಈ ವರ್ಷ ಯೂಟ್ಯೂಬ್ ನೋಡಿ ಬಂಗಾಳಿ ಅಕ್ಷರ ತಿದ್ದುತ್ತಿದ್ದಾಳೆ. ‘ಕ’ ಬಂತು ಕಣೆ, ‘ಕ್ಷ’ ಬರ್ತಿಲ್ಲ ಅಂತ ವಾಯ್ಸ್ ನೋಟ್ ಕಳಿಸಿದ್ದಳು.

ಅದನ್ನು ಕೇಳಿಸಿಕೊಂಡಾಗ ನಾನು ಮಸ್ಕಿಯಲ್ಲಿದ್ದೆ, ಗುಡ್ಡದ ಕೆಳಗೆ. ಆ ಗುಡ್ಡದ ಕಥೆ ನಿಮಗೆ ಹೇಳಲೇಬೇಕು. ಓದೋದು ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಅಲ್ಲೇ.

ಶಾಲೆಯಲ್ಲಿ ಒಂದು ಸಾಲು ಬಾಯಿಪಾಠ ಮಾಡಿರ್ತೀವಿ: ಮಸ್ಕಿ ಶಾಸನದಲ್ಲಿ ಅಶೋಕನ ಹೆಸರಿದೆ. ಎರಡು ಮಾರ್ಕು, ಮುಗೀತು. ಅದರಲ್ಲಿ ಏನು ದೊಡ್ಡಸ್ತಿಕೆ ಅಂತ ಯಾರೂ ಹೇಳಲಿಲ್ಲ. ವಿಷಯ ಹೀಗಿದೆ. ದೇಶದ ತುಂಬ ಬಂಡೆ, ಕಂಬಗಳ ಮೇಲೆ ಬ್ರಾಹ್ಮಿ ಲಿಪಿಯ ಬರಹಗಳಿದ್ದವು. ನೂರಾರು ವರ್ಷ ಅವನ್ನು ಯಾರಿಗೂ ಓದೋಕೆ ಬರ್ತಿರಲಿಲ್ಲ. ಆಡೋ ಜನ ಇದ್ದರು, ಓಡಾಡೋ ಜನ ಇದ್ದರು, ಓದೋ ಕಣ್ಣು ಮಾತ್ರ ಹೋಗಿತ್ತು. 1837ರ ಹೊತ್ತಿಗೆ ಕಲ್ಕತ್ತಾದ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿ ಬಿಡಿಸಿದರು. ಲಿಪಿ ಬಂತು, ಆದರೆ ಆಸಾಮಿ ಸಿಗಲಿಲ್ಲ! ಶಾಸನ ಬರೆಸಿದ ರಾಜ ತನ್ನನ್ನು ದೇವಾನಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಕರೆದುಕೊಂಡಿದ್ದ. ಅವು ಬಿರುದು, ಹೆಸರಲ್ಲ. ಪ್ರಿನ್ಸೆಪ್ ಮೊದಲು ಇವನು ಸಿಂಹಳದ ರಾಜ ಇರಬಹುದು ಅಂದುಕೊಂಡರು. ಆಮೇಲೆ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥದಲ್ಲಿ ಪ್ರಿಯದರ್ಶಿ ಅಂದರೆ ಅಶೋಕ ಅಂತ ಇರೋದನ್ನು ಹುಡುಕಿದರು. ಅಂದರೆ ಕಲ್ಲು ಒಂದು ಕಡೆ, ಸಾಕ್ಷಿ ಸಮುದ್ರದಾಚೆ ಇನ್ನೊಂದು ಪುಸ್ತಕದಲ್ಲಿ. ಆಡಿಟ್ ಭಾಷೆಯಲ್ಲಿ ಹೇಳೋದಾದರೆ ಎಂಟ್ರಿ ಇದೆ, ವೋಚರ್ ಇಲ್ಲ.

ಆ ವೋಚರ್ ಸಿಕ್ಕಿದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಆಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಚಿನ್ನದ ಗಣಿ ಕೆಲಸದ ಎಂಜಿನಿಯರ್ ಸಿ. ಬೀಡನ್ ಅನ್ನೋರ ಕಣ್ಣಿಗೆ ಈ ಬಂಡೆ ಬಿತ್ತು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೀತಾರೆ, ಗೊತ್ತಲ್ಲ. ಈ ನೆಲದಲ್ಲಿ ಚಿನ್ನ ಹುಡುಕಿಕೊಂಡು ಬಂದವರಿಗೆ ಅಕ್ಷರ ಸಿಕ್ಕಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಶುರುವಿನಲ್ಲೇ ಬಿರುದಿನ ಪಕ್ಕ ಹೆಸರು: ‘ಅಸೋಕಸ’, ಅಂದ್ರೆ ಅಶೋಕನದು. ನಂತರ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಂನಲ್ಲೂ ಹೆಸರಿರುವ ಶಾಸನ ಸಿಕ್ಕವು. ಮೊದಲನೆಯದು ಮಾತ್ರ ಮಸ್ಕಿ.

ಯೋಚನೆ ಮಾಡಿ, ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಆ ಬಂಡೆ ಅಲ್ಲೇ ಇತ್ತು. ಎಷ್ಟು ಜನ ಕುರಿ ಕಾಯೋರು ಅದರ ನೆರಳಲ್ಲಿ ಬುತ್ತಿ ಬಿಚ್ಚಿರಬೇಕು. ಬರಹ ಅಳಿಸಿರಲಿಲ್ಲ. ಓದೋರು ಇರಲಿಲ್ಲ, ಅಷ್ಟೇ.

ಅದರಲ್ಲಿ ಬರೆದಿರೋದಾದರೂ ಏನು? ರಾಜನ ಜಂಬ ಇರುತ್ತೆ ಅಂದುಕೊಂಡಿದ್ದೆ. ಇಲ್ಲ. ತಾನು ಬುದ್ಧನ ದಾರಿಗೆ ಬಂದು ಎರಡೂವರೆ ವರ್ಷದ ಮೇಲಾಯಿತು, ಆಮೇಲೆ ಶ್ರದ್ಧೆಯಿಂದ ನಡೆದುಕೊಂಡಿದ್ದೇನೆ ಅನ್ನೋ ಥರದ ಮಾತು. ಮುಂದೆ, ಇದು ದೊಡ್ಡವರಿಗೆ ಮಾತ್ರ ಸಿಗೋದು ಅಂದುಕೊಳ್ಳಬೇಡಿ, ಸಣ್ಣವರಿಗೂ ಸಾಧ್ಯ, ಇಬ್ಬರಿಗೂ ಇದನ್ನು ಹೇಳಬೇಕು ಅಂತ. ಗಮನಿಸಿ, ಹೇಳಬೇಕು. ಅಂದಿನ ಜನರಲ್ಲಿ ಎಷ್ಟು ಜನಕ್ಕೆ ಓದು ಬರ್ತಿತ್ತು? ಬರೆದದ್ದು ಕಲ್ಲಿನ ಮೇಲಾದರೂ ತಲುಪಬೇಕಾಗಿದ್ದು ಕಿವಿಗೆ. ಒಡಿಶಾದ ಧೌಲಿಯ ಶಾಸನದಲ್ಲಂತೂ ಅಶೋಕ ಇನ್ನೂ ಬಿಡಿಸಿ ಹೇಳ್ತಾನೆ: ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಓದಿಸಿ ಕೇಳಿಸಿಕೊಳ್ಳಬೇಕು, ನಡುವೆ ಬೇಕಾದಾಗಲೂ ಕೇಳಬಹುದು, ಒಬ್ಬನೇ ಇದ್ದರೂ ಸರಿ. ಒಬ್ಬನೇ ಇದ್ದರೂ ಸರಿ! ಮೊದಲ ಸಂಚಿಕೆಗೆ ನನಗೆ ಹನ್ನೊಂದು ಕೇಳುಗರು. ಸಾಮ್ರಾಟನಿಗಿಂತ ನನ್ನ ನಿರೀಕ್ಷೆ ಜಾಸ್ತಿ ಇತ್ತು ಅನ್ನಿಸಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ಕಳೆದ ವರ್ಷದಿಂದ ನಮ್ಮ ಮನೆಯಲ್ಲೂ ಓದು ಕಣ್ಣಿನಿಂದ ಕಿವಿಗೆ ವಾಪಸ್ ಹೋಗಿದೆ.

ಅಪ್ಪನ ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳೀತು. ಇದು ಹೇಗೆ ಆಗುತ್ತೆ ಅಂದ್ರೆ, ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಹಾಳಾಗಿ ಸೋರೋಕೆ ಶುರು ಮಾಡ್ತವೆ. ಶುರುವಿನಲ್ಲಿ ನೋವಿಲ್ಲ, ಲಕ್ಷಣ ಇಲ್ಲ. ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. ಅಪ್ಪ ಕಿರ್ದಿಯಲ್ಲಿ 3 ಬರೆಯೋ ಕಡೆ 8 ಬರೆದಿದ್ದನ್ನು ಕನ್ನಡಕದ ನಂಬರ್ ಬದಲಾಗಿದೆ ಅಂತ ನಾವೆಲ್ಲ ತಿಳಿದೆವು. ನಾನು ಮನೆಯಲ್ಲೇ ಇದ್ದ ಲೆಕ್ಕದವಳು, ತಿಂಗಳುಗಟ್ಟಲೆ ಕಣ್ಣೆದುರು ತಪ್ಪು ಬರ್ತಿತ್ತು, ಸರಿ ಮಾಡಿ ಮುಂದೆ ಹೋದೆ. ಅದು ನನ್ನೊಳಗೆ ಇನ್ನೂ ಚುಚ್ಚುತ್ತೆ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರೋರಿದ್ದರೆ, ಕಣ್ಣು ಚೆನ್ನಾಗೇ ಕಾಣಿಸ್ತಿದ್ದರೂ ವರ್ಷಕ್ಕೊಂದು ಸಲ ಕಣ್ಣಿನ ಪರದೆ ಪರೀಕ್ಷೆ ಮಾಡಿಸಿ. ಈಗ ಇಂಜೆಕ್ಷನ್, ಲೇಸರ್ ನಡೀತಿದೆ. ಉಳಿದದ್ದನ್ನು ಉಳಿಸಿಕೊಳ್ಳೋಕೆ ಅವು. ಅಪ್ಪನಿಗೆ ಮುಖ ಕಾಣುತ್ತೆ, ಅಕ್ಷರ ಕಾಣಲ್ಲ.

ಹೋದ ದೀಪಾವಳಿಗೆ ಅಪ್ಪ ವಿಶೇಷಾಂಕ ತರಲಿಲ್ಲ. ಯಾರೂ ಆ ಮಾತು ಎತ್ತಲಿಲ್ಲ. ಮಹಾನವಮಿಗೆ ನಮ್ಮನೇಲಿ ಪುಸ್ತಕ ಪೂಜೆಗಿಡ್ತೀವಿ, ವಿಜಯದಶಮಿ ದಿನ ತೆಗೆದು ಒಂದು ಪುಟ ಓದಬೇಕು ಅಂತ ಪದ್ಧತಿ. ಆವತ್ತು ಅಪ್ಪ ತನ್ನ ಹಳೇ ವಿಶೇಷಾಂಕ ತೆಗೆದು, ಕಣ್ಣಿಗೆ ಒತ್ತಿಕೊಂಡು, ಹಾಗೇ ಮುಚ್ಚಿಟ್ಟಿದ್ದ. ದೀಪಾವಳಿ ಆಗಿ ಎರಡು ದಿನಕ್ಕೆ ನಾನೇ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕೊಂಡೆ, ಶಕ್ತಿ ಡಬ್ಬಿ ದುಡ್ಡಲ್ಲಿ. ರಾತ್ರಿ ಹುಳಕ್ಕೆ ಹೆದರಿ ಲೈಟ್ ಆರಿಸಿ, ಪರದೆಯೊಳಗೆ ಫೋನ್ ಟಾರ್ಚ್ ಹಚ್ಚಿಕೊಂಡು ಬಹುಮಾನದ ಕಥೆ ಜೋರಾಗಿ ಓದಿದೆ. ಎರಡು ಪುಟ ಆಗಿತ್ತು.

"ಯವ್ವಾ, ಯಾಕ ಓಡಿಸ್ಕೊಂಡ ಹೊಂಟಿ? ಬಸ್ ಬಿಡ್ತೈತೇನು?"

ನಾನು ಅವಸರದಲ್ಲಿ ಓದ್ತಿದ್ದೆ. ಅದು ಬರೀ ಆವತ್ತಿನ ಕಥೆಯಲ್ಲ. ಆ ವರ್ಷ ಎಂಟು ತಿಂಗಳಿಂದ ನಾನು ಒಂದು ಪುಸ್ತಕವನ್ನೂ ಮುಗಿಸಿರಲಿಲ್ಲ. ಹತ್ತು ಪುಟ, ಫೋನ್, ನಾಲ್ಕು ಪುಟ, ರೀಲ್ಸು. ಓದೋಳು ಅಂತ ಹೆಸರು ಮಾತ್ರ ಉಳಿದಿತ್ತು. ಜೋರಾಗಿ ಓದುವಾಗ ಒಂದು ಅನುಕೂಲ ಇದೆ: ವಾಕ್ಯ ಹಾರಿಸೋಕಾಗಲ್ಲ. ಉಸಿರು ಎಲ್ಲಿ ತಗೋಬೇಕು ಅಂತ ಬರೆದವರು ಇಟ್ಟ ಅಲ್ಪವಿರಾಮ ಹೇಳುತ್ತೆ. ನೋಟಿಫಿಕೇಷನ್ ಬಂದರೂ ಎದುರಿಗೆ ಒಬ್ಬರು ಕಾಯ್ತಿರ್ತಾರೆ. ಆ ಒಂದು ವಿಶೇಷಾಂಕ ನಾವು ಜನವರಿವರೆಗೆ ಓದಿದೆವು, ಅಡುಗೆ ಪುಟ ಸಮೇತ.

ಆ ಓದೇ ಈ ಪಾಡ್‌ಕಾಸ್ಟ್ ಆಯಿತು. ಆದರೆ ಇಲ್ಲಿ ಕೇಳುಗರು ಪದೇ ಪದೇ ಕೇಳೋ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಅಕ್ಕ, ಆ ವಿಶೇಷಾಂಕದ ಕಥೆಗಳನ್ನೇ ಯಾಕೆ ಇಲ್ಲಿ ಓದಲ್ಲ?

ಮನೆಯಲ್ಲಿ ಅಪ್ಪನಿಗೆ ಓದೋದು ಬೇರೆ, ರೆಕಾರ್ಡ್ ಮಾಡಿ ಎಲ್ಲರಿಗೂ ಹಂಚೋದು ಬೇರೆ. ನಮ್ಮ ದೇಶದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ಬದುಕಿರೋವರೆಗೆ, ಆಮೇಲೆ ಇನ್ನೂ 60 ವರ್ಷ. ಅಲ್ಲಿವರೆಗೆ ಒಪ್ಪಿಗೆ ಬೇಕು. ಕನ್ನಡದ ಕಥೆಗಾರರಿಗೆ ಸಿಗೋದೇ ಸ್ವಲ್ಪ, ಅದನ್ನೂ ನಾನು ‘ಸೇವೆ’ ಅಂತ ಹೆಸರಿಟ್ಟು ಎತ್ತಿಕೊಂಡರೆ ಹೇಗೆ? ಟೆಲಿಗ್ರಾಂನಲ್ಲಿ ಪಿಡಿಎಫ್ ಹಂಚೋರೂ ಸ್ವಲ್ಪ ಕೇಳಿಸಿಕೊಳ್ಳಿ. ಅದಕ್ಕೇ ಇಲ್ಲಿ ನಾನು ಓದೋದು ಹಕ್ಕಿನ ಅವಧಿ ಮುಗಿದವರನ್ನು. ಮೊದಲು ಆರಿಸಿಕೊಂಡದ್ದು ಪಂಜೆ ಮಂಗೇಶರಾಯರನ್ನು. ಅವರು ತೀರಿಕೊಂಡದ್ದು 1937ರಲ್ಲಿ. ಇನ್ನೊಂದು ಕಾರಣವೂ ಇತ್ತು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ರಾಯಚೂರಿನಲ್ಲಿ ನಡೆದಾಗ ಅಧ್ಯಕ್ಷರಾಗಿ ಬಂದವರು ಅವರೇ. ನಿಜಾಮರ ಕಾಲದಲ್ಲಿ, ಆಡಳಿತದ ಭಾಷೆ ಉರ್ದು ಇದ್ದ ನಾಡಿಗೆ, ಮಕ್ಕಳಿಗೆ ಕಥೆ ಬರೆದ ಕರಾವಳಿಯ ಮೇಷ್ಟ್ರು ಬಂದಿದ್ದರು.

ಕಣ್ಣು ಕಾಣದವರ ವಿಷಯದಲ್ಲಿ ಕಾನೂನು ಸ್ವಲ್ಪ ಮೃದು ಅನ್ನೋದೂ ಗೊತ್ತಿರಲಿ. 2012ರ ತಿದ್ದುಪಡಿಯ ಪ್ರಕಾರ ಅಂಗವೈಕಲ್ಯ ಇರೋರು ಬಳಸೋಕೆ ಬರೋ ರೂಪಕ್ಕೆ, ಅಂದರೆ ಬ್ರೈಲ್, ಆಡಿಯೋ ಇತ್ಯಾದಿಗೆ ಕೃತಿಯನ್ನು ಬದಲಾಯಿಸಬಹುದು, ಲಾಭಕ್ಕಲ್ಲದಿದ್ದರೆ. ಇದೇ ವಿಷಯದ ಮರಾಕೇಶ್ ಅಂತರರಾಷ್ಟ್ರೀಯ ಒಪ್ಪಂದ 2013ರದು. ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಅಪ್ಪನಿಗಾಗಿ ರೆಕಾರ್ಡ್ ಮಾಡಿದ ಫೈಲುಗಳು ಅಪ್ಪನ ಕೀಪ್ಯಾಡ್ ಫೋನಿನ ಮೆಮೊರಿ ಕಾರ್ಡಿನಲ್ಲೇ ಇವೆ, ಹೊರಗೆ ಹೋಗಿಲ್ಲ.

ಪುಸ್ತಕ ಕೊಳ್ಳೋಕೆ ದುಡ್ಡಿಲ್ಲ ಅನ್ನೋರಿಗೆ ಒಂದು ಮಾತು. ಮನೆ ತೆರಿಗೆ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ತೆರಿಗೆಯ ಶೇ 6. ಎರಡು ಸಾವಿರ ತೆರಿಗೆ ಕಟ್ಟಿದರೆ 120 ರೂಪಾಯಿ. ಅಂದ್ರೆ ಚಂದಾ ನೀವು ಆಗಲೇ ಕಟ್ಟಿದ್ದೀರಿ, ಹೋಗಿ ಕೂತುಕೊಳ್ಳೋದು ಬಾಕಿ. ನಾನು ಹೋಗೋ ಗ್ರಂಥಾಲಯದಲ್ಲಿ ಬೆಳಗ್ಗೆ ಎಂಟಕ್ಕೇ ಕುರ್ಚಿ ಫುಲ್. ಎಲ್ಲರ ಕೈಯಲ್ಲೂ ಎಫ್‌ಡಿಎ, ಪಿಎಸ್‌ಐ, ಪಿಡಿಒ ಗೈಡು. ಅದನ್ನು ನೋಡಿ ಮೂಗು ಮುರಿಯೋರಿದ್ದಾರೆ, ಇದೂ ಒಂದು ಓದಾ ಅಂತ. ನನಗೆ ಹಾಗನ್ನಿಸಲ್ಲ. ಮನೆಯಲ್ಲಿ ಕೂತು ಓದೋಕೆ ಜಾಗ ಇಲ್ಲದವರು ಅವರು. ಕಾದಂಬರಿ ಕಪಾಟಿನ ಹತ್ತಿರ ಮಾತ್ರ ಯಾರೂ ಇರಲ್ಲ, ಅದು ನನ್ನ ಅದೃಷ್ಟ. ಮೊನ್ನೆ ಒಬ್ಬ ಹುಡುಗ ಬಂದು ಪಿಸುಮಾತಲ್ಲಿ ಕೇಳಿದ: "ಅಕ್ಕಾರ, ಮಸ್ಕಿ ಶಾಸನ ಕಂಡುಹಿಡಿದವ್ರು ಯಾರ್ರೀ?" ಬೀಡನ್, 1915 ಅಂದೆ. ಬರಕೊಂಡ. ಆಮೇಲೆ ನಾನು ಹೊರಗೆ ಚಹಾ ಕುಡೀತಾ ಉಳಿದದ್ದನ್ನೂ ಹೇಳಿದೆ, ಪ್ರಿನ್ಸೆಪ್ ಸಿಂಹಳದ ರಾಜ ಅಂದುಕೊಂಡದ್ದರಿಂದ ಹಿಡಿದು. ಪರೀಕ್ಷೆಗೆ ಬರಲ್ಲ ಅಂತ ಗೊತ್ತಿದ್ದೂ ಚಹಾ ಆರೋವರೆಗೆ ನಿಂತು ಕೇಳಿದ. ಅವನೂ ಮಸ್ಕಿಯವನೇ. ಗುಡ್ಡ ಹತ್ತಿದ್ದೀನಿ, ಆ ಬಂಡೆ ಕಡೆ ಹೋಗಿಲ್ಲ ಅಂದ.

ಈ ವರ್ಷ ದೀಪಾವಳಿಗೆ ಇನ್ನೂ ದಿನ ಇದೆ. ಸೀಗಿ ಹುಣ್ಣಿಮೆ ಊಟ ಈಗಷ್ಟೇ ಮುಗಿದಿದೆ. ವಿಶೇಷಾಂಕ ಬರೋವರೆಗೆ ಅಪ್ಪನಿಗೆ ಹಳೇವನ್ನು ಓದ್ತಿದ್ದೀನಿ, ಟ್ರಂಕಿನಲ್ಲಿ ಹನ್ನೆರಡು ಇವೆ. ನಿನ್ನೆ ತೆಗೆದದ್ದರ ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಬರಹ ಸಿಕ್ಕಿತು, ಕಥೆ ಪಕ್ಕ ಸಣ್ಣದಾಗಿ. ಏನು ಬರೆದಿದ್ದೀ ಇಲ್ಲಿ ಅಂತ ಕೇಳಿದೆ. ನೆನಪಿಲ್ಲ, ನೀನೇ ಓದು ಅಂದ. ಕಿರ್ದಿ ಬರೆಯೋರ ಮೋಡಿ ಅಕ್ಷರ, ಒಂದಕ್ಕೊಂದು ಕೊಂಡಿ ಹಾಕಿಕೊಂಡಿದೆ, ನನಗೆ ಪೂರ್ತಿ ಬಿಡಿಸೋಕೆ ಬರಲಿಲ್ಲ. ಮೊದಲ ಪದ ‘ಈ ಮುದುಕ’ ಅಂತ ಇರಬೇಕು. ಎರಡನೇದು ‘ಸುಳ್ಳು’ ಇರಬಹುದು, ‘ಸಾಲ’ವೂ ಇರಬಹುದು.

"ಸಾಲ ಇರಬೇಕು ನೋಡು," ಅಂದ ಅಪ್ಪ. "ಕಥಿ ಓದು, ಗೊತ್ತಾಕ್ಕೈತಿ."

ಓದ್ತಿದ್ದೀವಿ. ಇನ್ನೂ ಆರು ಪುಟ ಬಾಕಿ ಇದೆ, ಹುಳದ ಕಾಟಕ್ಕೆ ದಿನಕ್ಕೆ ಎರಡೇ ಪುಟ ಆಗ್ತಿದೆ.